ಗಲ್ಲಾದಲ್ಲಿ ಕೂರುವವನ ತೂಕ

ತೂಕ ಇಳಿಸುವುದು ಹೇಗೆ ಎಂದು ಹೇಳಿಕೊಡಲಿಕ್ಕೆ ಊರಿಡೀ ಜನ ಇದ್ದಾರೆ. ಇಳಿಸಿದ ಮೇಲೆ ಅದನ್ನು ಅಲ್ಲೇ ನಿಲ್ಲಿಸುವುದು ಹೇಗೆ ಎಂದು ಹೇಳುವವರು ಕಡಿಮೆ. ನನಗೆ ಸಿಕ್ಕಿದ ಒಬ್ಬರನ್ನು ನಾನೇ ದಾರಿ ತಪ್ಪಿಸಿದೆ, ಅದೂ ಬಹಳ ಹೆಮ್ಮೆಯಿಂದ. ಡಯಟ್ ಮುಗಿಸಿ, ಪ್ಯಾಂಟು ಸಡಿಲವಾದರೂ ಖುಷಿಪಡಲಾಗದೆ ಕನ್ನಡಿಯ ಮುಂದೆ ನಿಂತು ಹೆದರುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಾನು ಬದುಕಿದ್ದೇನೆ, ಚೆನ್ನಾಗಿದ್ದೇನೆ, ಇವತ್ತು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದೇನೆ.

ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿರುವ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವ ನಾನು. ಹೆಸರು ಸದಾನಂದ. ಧಣಿಗಳು ವಾಶಿಯಲ್ಲಿರುತ್ತಾರೆ, ಅವರಿಗೆ ಅಲ್ಲಿ ಬೇರೆ ಹೋಟೆಲುಂಟು. ಇಲ್ಲಿ ಬಾಗಿಲು ತೆಗೆಯುವುದರಿಂದ ಹಿಡಿದು ಹಾಕುವವರೆಗೆ ಎಲ್ಲವೂ ನನ್ನದೇ. ಕಾರ್ಕಳದ ಕಡೆಯಿಂದ ಬಂದು ಮೊದಲು ಟೇಬಲ್ ಒರೆಸಿದೆ, ಆಮೇಲೆ ಸಪ್ಲೈಯರ್ ಆದೆ, ಬಹಳ ವರ್ಷದ ಮೇಲೆ ಗಲ್ಲಾಕ್ಕೆ ಬಂದೆ. ನಮ್ಮ ಕಸುಬಿನಲ್ಲಿ ಒಬ್ಬ ಗಲ್ಲಾದಲ್ಲಿ ಕೂತ ಎಂದರೆ ದಡ ಸೇರಿದ ಎಂದು ಅರ್ಥ. ನನಗೆ ಹೆಣ್ಣು ನೋಡುವಾಗ ಮಾವ ಜಾತಕಕ್ಕಿಂತ ಮೊದಲು ಕೇಳಿದ್ದು, "ಹುಡುಗ ಗಲ್ಲಾದಲ್ಲಿ ಕೂರ್ತಾನಾ?" ಎಂದು. ಕೂರ್ತಾನೆ ಎಂದು ಮಧ್ಯಸ್ಥರು ಹೇಳಿದ್ದಕ್ಕೇ ವಾರಿಜಾ ನನಗೆ ಸಿಕ್ಕಿದ್ದು. ಹಾಗಾಗಿ ಆ ಮಾತಿನ ಮೇಲೆ ನನಗೆ ಸ್ವಲ್ಪ ಮೋಹ ಜಾಸ್ತಿ.

ಮನೆ ಡೊಂಬಿವಲಿಯಲ್ಲಿ. ನಾನು, ವಾರಿಜಾ, ಮಗಳು ಶ್ರಾವ್ಯಾ. ನಾನೂ ವಾರಿಜಾಳೂ ತುಳು ಮಾತಾಡುವುದು, ಮಗಳು ಅದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವುದು. ಎಲ್ಲರಿಗೂ ತಿಳಿಯಲಿ ಎಂದು ನಮ್ಮಿಬ್ಬರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಆಗ ನಾನು ತೊಂಬತ್ತೆರಡು ಕಿಲೋ. ಹೋಟೆಲಿನವನಿಗೆ ಹೊಟ್ಟೆ ಇಲ್ಲದಿದ್ದರೆ ಗಿರಾಕಿಗೆ ತಿಂಡಿಯ ಮೇಲೆ ನಂಬಿಕೆ ಬರುವುದಿಲ್ಲ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಹೊಟ್ಟೆ ಬರದೆ ಇನ್ನೇನು? ಬೆಳಿಗ್ಗೆ ಚಟ್ನಿ ಸರಿ ಇದೆಯಾ ಎಂದು ಒಂದು ಇಡ್ಲಿ, ಸಾಂಬಾರು ಸರಿ ಇದೆಯಾ ಎಂದು ಇನ್ನೊಂದು. ಮಧ್ಯಾಹ್ನ ಉಳಿದ ಬೋಂಡ, ಸಂಜೆ ಶೀರಾ, ಲೆಕ್ಕವಿಲ್ಲದಷ್ಟು ಚಹಾ, ಪ್ರತಿಯೊಂದಕ್ಕೂ ಕೈತುಂಬ ಸಕ್ಕರೆ. ಮನೆಗೆ ಹೋಗಿ ಮೀನು ಸಾರಿನಲ್ಲಿ ಮತ್ತೆ ಊಟ. ಒಂದು ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ನಮ್ಮ ಓಣಿಯ ಡಾಕ್ಟರು ರಿಪೋರ್ಟು ನೋಡಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಲಿವರಿನಲ್ಲಿ ಕೊಬ್ಬು ಕೂತಿದೆ, ಶುಗರ್ ಬಾಗಿಲಿಗೆ ಬಂದು ನಿಂತಿದೆ, ಬಿಪಿ ಆಗಲೇ ಒಳಗೆ ಬಂದಾಗಿದೆ ಎಂದರು. "ಶೆಟ್, ವಜನ್ ಕಮೀ ಕರಾ. ನಾಹೀತರ್ ಗೋಳ್ಯಾ ಖಾತ್ ಬಸಾ." ಇಳಿಸು, ಇಲ್ಲದಿದ್ದರೆ ಮಾತ್ರೆ ತಿನ್ನುತ್ತಾ ಕೂರು. ಆ ಮನುಷ್ಯನ ಮಾತು ಯಾವಾಗಲೂ ಹಾಗೇ, ಸೀದಾ.

ಅವರೇ ವರ್ತಕ ನಗರದ ಒಬ್ಬ ಡಯಟಿಶಿಯನ್ ಹತ್ತಿರ ಕಳುಹಿಸಿದರು. ಮರಾಠಿ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ನಾನು ಮೇಡಂ ಎನ್ನುತ್ತಿದ್ದೆ. ಇಂಗ್ಲಿಷ್ ಬಂದರೆ ಇರಲಿ ಎಂದು ಶ್ರಾವ್ಯಾಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ವಯಸ್ಸು, ಎತ್ತರ, ನಿದ್ದೆ, ಕುಡಿಯುತ್ತೀರಾ, ಸೇದುತ್ತೀರಾ, ಒಂದಾದ ಮೇಲೆ ಒಂದು ಪ್ರಶ್ನೆ.

"ಅಂಕಲ್, ಕಾಮ್ ಕ್ಯಾ ಕರ್ತೇ ಹೋ?" ಏನು ಕೆಲಸ ಮಾಡುತ್ತೀರಿ ಎಂದು.

"ಗಲ್ಲೇ ಪೆ ಬೈಠ್ತಾ ಹೂಂ," ಎಂದೆ, ಗಲ್ಲಾದಲ್ಲಿ ಕೂರುತ್ತೇನೆ ಎಂದು. ಬೆನ್ನು ತಾನಾಗಿ ನೆಟ್ಟಗಾಯಿತು.

"ದಿನ್ ಭರ್?"

"ದಿನ್ ಭರ್. ಸುಬಹ್ ಸೇ." ಬೆಳಿಗ್ಗೆಯಿಂದ ಇಡೀ ದಿನ.

ಮೇಡಂ ಟಕ್ಕೆಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಶ್ರಾವ್ಯಾ ಕೂಡ ಹೌದೆಂದು ತಲೆಯಾಡಿಸಿದಳು. ಅಪ್ಪ ಗಲ್ಲಾದಲ್ಲಿ ಕೂರುವುದು ಎಂದು ಅವಳೂ ಹುಟ್ಟಿದಂದಿನಿಂದ ಕೇಳಿದವಳೇ ಅಲ್ಲವೇ?

ಡಯಟ್ ಶುರುವಾಯಿತು. ಅದರ ಕಷ್ಟ ಬರೆದರೆ ಪುಸ್ತಕವಾದೀತು, ಬೇಡ. ಹೋಟೆಲಿನವನ ಡಯಟ್ ಎಂದರೆ ಕಣ್ಣೆದುರೇ ತುಪ್ಪದ ದೋಸೆ ಮೆರವಣಿಗೆ ಹೋಗುವಾಗ ಸೌತೆಕಾಯಿ ಕಡಿಯುವುದು, ಅಷ್ಟು ಹೇಳಿದರೆ ಸಾಕು. ಆದರೆ ನನಗೊಂದು ಚಟ ಉಂಟು. ಗಲ್ಲಾದವನಿಗೆ ಸಂಜೆ ಲೆಕ್ಕ ತಾಳೆ ಬೀಳದಿದ್ದರೆ ನಿದ್ದೆ ಬರುವುದಿಲ್ಲ. ಮೇಡಂ ಇಷ್ಟು ಎಂದರೆ ಇಷ್ಟೇ, ಒಂದು ಚಮಚ ಆಚೆಯಿಲ್ಲ, ಈಚೆಯಿಲ್ಲ. ಮನೆಯಲ್ಲಿ ವಾರಿಜಾ ನನ್ನ ಪಾಲಿನ ಕುಚ್ಚಲಕ್ಕಿಯನ್ನು ಅಳೆದು ಬೇರೆಯೇ ಒಂದು ಪುಟ್ಟ ಪಾತ್ರೆಯಲ್ಲಿ ಬೇಯಿಸತೊಡಗಿದಳು. ಅದು ಶ್ರಾವ್ಯಾ ಮಗುವಾಗಿದ್ದಾಗ ಅವಳಿಗೆ ಗಂಜಿ ಮಾಡುತ್ತಿದ್ದ ಪಾತ್ರೆ. ದೊಡ್ಡ ಪಾತ್ರೆಯ ಪಕ್ಕದಲ್ಲಿ ಆ ಪುಟ್ಟದು ಒಲೆಯ ಮೇಲೆ ಕುದಿಯುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ವಾರಿಜಾಳಿಗೆ ಬರುತ್ತಿರಲಿಲ್ಲ.

ತೂಕ ಇಳಿಯಿತು ನೋಡಿ! ಮೇಡಂ ಅಂದುಕೊಂಡದ್ದಕ್ಕಿಂತ ಬೇಗ ಇಳಿಯಿತು. ಹೋದಾಗಲೆಲ್ಲ ಅವರು, "ಅಂಕಲ್, ಮೇರೇ ಸಬ್ ಸೇ ಸಿನ್ಸಿಯರ್ ಪೇಶಂಟ್ ಆಪ್ ಹೋ," ಎನ್ನುತ್ತಿದ್ದರು. ಬೇರೆಯವರು ಕದ್ದು ತಿನ್ನುತ್ತಾರಂತೆ, ಅದಕ್ಕೇ ಅವರದ್ದು ನಿಧಾನವಂತೆ. ನಾನು ಉಬ್ಬಿಹೋದೆ. ಎಪ್ಪತ್ತನಾಲ್ಕಕ್ಕೆ ಬಂದಾಗ ಡಾಕ್ಟರು ಕೈ ಕುಲುಕಿದರು. ಲಿವರು ಸರಿಹೋಗಿತ್ತು, ಶುಗರ್ ಬಾಗಿಲಿನಿಂದ ವಾಪಸ್ಸು ಹೋಗಿತ್ತು. ಇನ್ನು ಇಳಿಸುವುದು ಸಾಕು, ಇಲ್ಲೇ ನಿಲ್ಲಿಸಿ, ಏರಿತೋ ನೋಡಿ ಮತ್ತೆ, ಎಂದರು.

ಇಲ್ಲೇ ನಿಲ್ಲಿಸುವುದಕ್ಕೆ ದಿನಕ್ಕೆ ಎಷ್ಟು ತಿನ್ನಬೇಕು ಎಂದು ಮೇಡಂ ಲೆಕ್ಕ ಹಾಕಿಕೊಟ್ಟರು. ಹೊಸ ತೂಕ ಹಾಕಿದರು, ಉಳಿದದ್ದು ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಸಾವಿರದ ಎಂಟುನೂರು ಕ್ಯಾಲೊರಿ ಎಂದಿತು ಅದು. ಡಯಟ್ಟಿಗಿಂತ ಸ್ವಲ್ಪ ಜಾಸ್ತಿ: ಬೆಳಿಗ್ಗೆ ಒಂದು ಇಡ್ಲಿ ಹೆಚ್ಚು, ರಾತ್ರಿ ಒಂದು ಚಪಾತಿ ಹೆಚ್ಚು, ವಾರಕ್ಕೆರಡು ದಿನ ಮೀನು. ನನಗೆ ಹಬ್ಬವಾಯಿತು. ಈ ಒಂದು ಅಂಕಿ ಹಿಡಿದುಕೊಂಡರೆ ಸಾಯುವತನಕ ಎಪ್ಪತ್ತನಾಲ್ಕರಲ್ಲಿ ಇರಬಹುದು ಎಂದು ನಂಬಿದೆ.

ಮುಂದಿನ ತಿಂಗಳು ಎಪ್ಪತ್ತೆರಡು.

ಮಿಶಿನ್ನಿನ ತಪ್ಪಿರಬೇಕು ಎಂದುಕೊಂಡೆ. ಅದರ ಮುಂದಿನ ತಿಂಗಳು ಎಪ್ಪತ್ತು. ಆಮೇಲೆ ಅರವತ್ತೆಂಟು. ಅಷ್ಟರಲ್ಲಿ ಮೇಡಂ ತವರಿಗೆ ಬಾಣಂತನಕ್ಕೆ ಹೋಗಿದ್ದರು, ಅವರ ಜಾಗದಲ್ಲಿ ಕೂತಿದ್ದ ಹುಡುಗಿ ಚಾರ್ಟು ನೋಡಿ, ಚಾರ್ಟ್ ಸರಿ ಇದೆ ಅಂಕಲ್, ನೀವು ಪೂರ್ತಿ ತಿನ್ನುತ್ತಿಲ್ಲ ಅಷ್ಟೇ, ಎಂದಳು. ನಾನು! ಒಂದು ಅಗುಳು ಬಿಡದವನು! ಸಿಟ್ಟು ನೆತ್ತಿಗೇರಿತು, ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಇತ್ತು. ಹೆದರಿಕೆ.

ಆ ಹೆದರಿಕೆಗೆ ಕಾರಣ ನನ್ನ ಅಪ್ಪ. ಅಪ್ಪ ಕಲ್ಯಾಣದಲ್ಲಿ ಒಂದು ಕ್ಯಾಂಟೀನಿನ ಅಡುಗೆಯವರಾಗಿದ್ದರು. ಒಂದು ವರ್ಷ ಸುಮ್ಮನೆ ಸೊರಗುತ್ತಾ ಹೋದರು. ಊಟ ಮಾಡುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ಆದರೆ ಅಂಗಿಯ ಕಾಲರಿನೊಳಗೆ ಕುತ್ತಿಗೆ ಅತ್ತಿತ್ತ ಆಡುತ್ತಿತ್ತು. ಏನೂ ಇಲ್ಲ, ಒಲೆಯ ಮುಂದಿನ ಸೆಕೆ, ಎನ್ನುತ್ತಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಹೊಟ್ಟೆಯ ಕ್ಯಾನ್ಸರು ಎಲ್ಲ ಕಡೆ ಹರಡಿಯಾಗಿತ್ತು. ಒಂದು ದಿನ ಸ್ಟೇಷನ್ ಹೊರಗಿನ ಚಮ್ಮಾರನ ಹತ್ತಿರ ಬೆಲ್ಟಿಗೆ ಇನ್ನೊಂದು ತೂತು ಹಾಕಿಸಲು ನಿಂತಿದ್ದೆ. ಅವನು ಬೆಲ್ಟು ಎತ್ತಿ ನೋಡಿ, "ಔರ್ ಏಕ್?" ಎಂದ, ಇನ್ನೂ ಒಂದಾ ಎಂದು. ಅಪ್ಪನ ಬೆಲ್ಟೂ ಕೊನೆಗೆ ಹೀಗೇ ತೂತಾಗಿತ್ತು.

ಜನ ಬೇರೆ ಬಿಡುತ್ತಾರಾ? ತೊಂಬತ್ತೆರಡು ಇದ್ದಾಗ ಯಾರಿಗೂ ಕಾಣದ ನನ್ನ ಆರೋಗ್ಯ ಈಗ ಎಲ್ಲರ ಕಣ್ಣಿಗೂ ಬಿತ್ತು. ವಾಗ್ಳೆ ಎಸ್ಟೇಟಿನಲ್ಲಿ ಲೋಡಿಂಗ್ ಕೆಲಸ ಮಾಡುವ ಮಲ್ಲಪ್ಪ ಎಂಬವರು ನಮ್ಮಲ್ಲಿಗೆ ದಿನಾ ಚಹಾಕ್ಕೆ ಬರುತ್ತಾರೆ, ಕಲಬುರಗಿಯವರು. ಗ್ಲಾಸು ಕೈಯಲ್ಲಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ್ರೀ ಅಣ್ಣಾರ, ಭಾಳ ಸೊರಗೀರಲ್ಲ? ಮೈಯಾಗ ಆರಾಮ ಐತಿಲ್ಲೋ?"

"ಡಯಟ್ ಮಾರಾಯ್ರೆ," ಎಂದೆ.

"ಡಾಯೆಟ್ ಅಂತ ಹೇಳಿ ನೀವು ಬ್ಯಾರೆ ಏನರ ಮುಚ್ಚಿಡಾಕತ್ತಿಲ್ಲ ಹೌದಿಲ್ಲೋ? ನಮ್ಮ ಮನಿಯವರ ತರ ಕೇಳಾಕತ್ತೀನಿ, ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲಿಲ್ಲ. ಹಾಗೆ ನೇರವಾಗಿ ಕೇಳಿದವರು ಅವರೊಬ್ಬರೇ. ಉಳಿದವರು ಹಿಂದಿನಿಂದ ಶುಗರ್ ಇರಬೇಕು, ಬೇರೆ ಏನೋ ಇರಬೇಕು ಎಂದು ಗುಸುಗುಸು ಮಾಡುತ್ತಿದ್ದರು.

ಮನೆಯಲ್ಲಿ ಯುದ್ಧ. ವಾರಿಜಾ ಪುಟ್ಟ ಪಾತ್ರೆಯ ಅನ್ನ ಬಡಿಸಿ, ನಾನು ಆಚೆ ನೋಡಿದಾಗ ದೊಡ್ಡ ಪಾತ್ರೆಯಿಂದ ಒಂದು ಸೌಟು ಸೇರಿಸುವಳು. ನಾನು ಅದನ್ನು ಅಷ್ಟೇ ಜಾಗ್ರತೆಯಿಂದ ವಾಪಸ್ಸು ಹಾಕುವೆ.

"ಒಂದು ಸೌಟು ಅನ್ನ ತಿಂದರೆ ಆಕಾಶ ಬೀಳ್ತದಾ?"

"ಲೆಕ್ಕ ತಪ್ತದೆ."

"ನಿಮಗೆ ಕಟ್ಟಿಕೊಂಡ ಹೆಂಡತಿ ನಾನಾ, ನಿಮ್ಮ ಆ ಕಂಪ್ಯೂಟರಾ?" ಎಂದು ಸೌಟು ಕುಕ್ಕಿದಳು. ಆಮೇಲೆ ಎಂದಿನಂತೆ ನನ್ನ ಮೀನಖಂಡಗಳಿಗೆ ತೆಂಗಿನೆಣ್ಣೆ ಹಚ್ಚುತ್ತಾ ಕೂತಳು.

ನೀವು ಕೇಳಬಹುದು, ಅಷ್ಟು ಹೆದರಿಕೆ ಇದ್ದವ ಸುಮ್ಮನೆ ಇನ್ನೊಂದು ಸೌಟು ತಿನ್ನಬಾರದಿತ್ತೇ ಎಂದು. ಡಯಟ್ ಮಾಡಿದವರಿಗೆ ನನ್ನ ತಲೆ ಅರ್ಥವಾದೀತು. ಮೊದಲನೆಯದಾಗಿ, ಒಂದು ಸೌಟು ಹೆಚ್ಚು ತಿಂದರೆ ಮತ್ತೆ ತೊಂಬತ್ತೆರಡಕ್ಕೆ ಹೋಗಿಬಿಡುತ್ತೇನೆ ಎಂಬ ಭಯ, ಅದು ಡಯಟ್ ಮುಗಿದರೂ ಮುಗಿಯುವುದಿಲ್ಲ. ಅದಕ್ಕಿಂತ ದೊಡ್ಡದು ಇದು: ನಾನು ತಿನ್ನುವ ಲೆಕ್ಕ ಸರಿ ಇದೆ, ಆದರೂ ತೂಕ ಇಳಿಯುತ್ತಿದೆ ಎಂದರೆ ಒಳಗೆ ಏನೋ ಒಂದು ನನ್ನನ್ನು ತಿನ್ನುತ್ತಿದೆ. ಹೆಚ್ಚು ತಿಂದು ತೂಕ ನಿಲ್ಲಿಸಿದರೆ ಆ ರೋಗವನ್ನು ಮುಚ್ಚಿಟ್ಟ ಹಾಗಾಗುತ್ತದೆ. ಅಪ್ಪ ಸೆಕೆಯ ಹೆಸರು ಹೇಳಿ ಮುಚ್ಚಿಟ್ಟರು. ನಾನು ಅನ್ನದಲ್ಲಿ ಮುಚ್ಚಿಡುವುದೇ? ಹಾಗಾಗಿ ಹಸಿವಾದರೂ ಎದ್ದುಬಿಡುತ್ತಿದ್ದೆ. ಹಸಿವು ಬೇರೆ ಹಾಳಾದ್ದು ಚೆನ್ನಾಗಿಯೇ ಆಗುತ್ತಿತ್ತು.

ಕೊನೆಗೆ ಶ್ರಾವ್ಯಾ ಅಡ್ಡ ನಿಂತಳು. "ಪಪ್ಪಾ, ಬಹುತ್ ಹೋ ಗಯಾ. ಕಲ್ ಡಾಕ್ಟರ್." ಸಾಕಾಯಿತು, ನಾಳೆಯೇ ಡಾಕ್ಟರು ಎಂದು. ಡಾಕ್ಟರು ನನ್ನನ್ನು ನೋಡಿದವರೇ ತಮಾಷೆ ನಿಲ್ಲಿಸಿದರು. ಹೊಟ್ಟೆ ಒತ್ತಿ ನೋಡಿದರು, ಅಪ್ಪನದ್ದು ಕೇಳಿದರು, ಬರೆಯುತ್ತಾ ಹೋದರು. ರಕ್ತ, ಥೈರಾಯ್ಡ್, ಎಂಡೋಸ್ಕೋಪಿ, ಸ್ಕ್ಯಾನ್. ಅವರು ತಮಾಷೆ ಮಾಡದೇ ಇದ್ದದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ರಿಪೋರ್ಟು ಆಯಿತು.

ಸ್ಕ್ಯಾನಿಗೆ ನವಿ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಶ್ರಾವ್ಯಾ ಐರೋಲಿಯಲ್ಲಿ ಒಂದು ಕಂಪೆನಿಯ ಅಕೌಂಟ್ಸ್ ನೋಡುವವಳು, ಅವತ್ತು ರಜೆ ಹಾಕಿದಳು. ವಾರಿಜಾ ಬರುತ್ತೇನೆಂದಳು, ನಾನು ಬೇಡವೆಂದೆ. ಅವಳ ಮುಖ ನೋಡಿಕೊಂಡು ಅಲ್ಲಿ ಕಾಯುವ ಧೈರ್ಯ ನನಗಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಊರಿನ ದೇವರಿಗೆ ಒಂದು ಮುಡಿಪು ಕಟ್ಟಿಟ್ಟದ್ದು ನನಗೆ ಆಮೇಲೆ ಗೊತ್ತಾಯಿತು.

ಆಸ್ಪತ್ರೆಯ ಆ ಕಾಯುವ ಕೋಣೆ ನನಗೆ ಇನ್ನೂ ಕನಸಿಗೆ ಬರುತ್ತದೆ. ಎಸಿ ಎಷ್ಟಿತ್ತೆಂದರೆ ಎಲ್ಲರೂ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಟಿವಿಯಲ್ಲಿ ಯಾರೋ ಪನೀರ್ ಅಡುಗೆ ತೋರಿಸುತ್ತಿದ್ದರು, ಖಾಲಿ ಹೊಟ್ಟೆಯಲ್ಲಿ ಬಂದ ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಕುಡಿಯಲು ಒಂದು ಬಾಟಲಿ ಕೊಟ್ಟರು, ಸ್ವಲ್ಪ ಸ್ವಲ್ಪವೇ ಕುಡಿಯಿರಿ ಎಂದರು, ಸೀಮೆಸುಣ್ಣ ಕಲಸಿದ ಹಾಗಿತ್ತು. ನಾನು ಗೋಡೆಗೆ ಒರಗಿ ನಿಂತು ಕುಡಿಯುತ್ತಿದ್ದೆ. ಮೂಲೆಯಲ್ಲಿ ಒಬ್ಬರು ಮುದುಕಿ, ಒಂಬತ್ತು ಗಜದ ನವವಾರಿ ಸೀರೆ, ತಲೆಗೆ ಸ್ಕಾರ್ಫು, ಆ ಸ್ಕಾರ್ಫು ಯಾಕೆಂದು ನೋಡಿದರೆ ತಿಳಿಯುವಂತಿತ್ತು. ತಮ್ಮ ಚೀಲವನ್ನು ಪಕ್ಕದ ಕುರ್ಚಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಬಸಾ ನಾ ಭಾವೂ. ಕಿತೀ ವೇಳ್ ಉಭೇ ರಾಹ್ಣಾರ್?"

ಕೂತುಕೋ ತಮ್ಮಾ, ಎಷ್ಟು ಹೊತ್ತು ನಿಲ್ಲುತ್ತೀ ಎಂದು. ಅಭ್ಯಾಸ ಆಗಿದೆ ಎಂದೆ. ಅವರು ಕುರ್ಚಿಯನ್ನು ಕೈಯಿಂದ ತಟ್ಟಿ ಮತ್ತೊಮ್ಮೆ "ಬಸ್" ಎಂದರು, ನಮ್ಮ ಅಮ್ಮ ಹೇಳುತ್ತಿದ್ದ ಧಾಟಿಯಲ್ಲೇ. ಕೂತೆ. ಅವರು ಯಾವ ಕಾಯಿಲೆ ಎಂದು ಕೇಳಲಿಲ್ಲ, ಬಾಟಲಿ ಬೇಗ ಮುಗಿಸಲು ಒಂದು ಉಪಾಯ ಹೇಳಿಕೊಟ್ಟರು: ಮೂಗು ಹಿಡಿದುಕೊಳ್ಳದೆ, ಊರಿನ ಒಂದೊಂದು ಮನೆಯ ಹೆಸರು ಹೇಳಿಕೊಂಡು ಒಂದೊಂದು ಗುಟುಕು. ನಾನು ನಮ್ಮೂರಿನ ಮನೆಗಳನ್ನು ದಾಟುತ್ತಾ ದಾಟುತ್ತಾ ಬಾಟಲಿ ಮುಗಿಸಿದೆ. ಒಳಗೆ ಕರೆದಾಗ ಹಿಂತಿರುಗಿ ನೋಡಿದೆ, ಅವರು ಕೈಯೆತ್ತಿ ಹೋಗು ಹೋಗು ಎಂದರು. ಆ ತಾಯಿ ಎಲ್ಲಿದ್ದರೂ ಚೆನ್ನಾಗಿರಲಿ.

ರಿಪೋರ್ಟು ಬರುವವರೆಗಿನ ದಿನಗಳನ್ನು ಬರೆಯುವುದಿಲ್ಲ. ಕಾದವರಿಗೆ ಗೊತ್ತು.

ಡಾಕ್ಟರು ಒಂದೊಂದೇ ಹಾಳೆ ತಿರುಗಿಸಿದರು. ಕೊನೆಯ ಹಾಳೆಯಿಂದ ಮತ್ತೆ ಮೊದಲ ಹಾಳೆಗೆ ಹೋದರು. "ಸಗಳಂ ನಾರ್ಮಲ್," ಎಂದರು. ಎಲ್ಲ ಸರಿ ಇದೆ. ಹೊಟ್ಟೆಯಲ್ಲಿ ಏನಿಲ್ಲ, ಥೈರಾಯ್ಡ್ ಇಲ್ಲ, ಶುಗರ್ ಇಲ್ಲ. "ತುಮ್ಹೀ ಮಾಝ್ಯಾಪೇಕ್ಷಾ ಫಿಟ್ ಆಹಾತ್." ನೀನು ನನಗಿಂತ ಗಟ್ಟಿ ಎಂದು. ತಮಾಷೆ ವಾಪಸ್ಸು ಬಂದಿತ್ತು! ಶ್ರಾವ್ಯಾ ಹೊರಗೆ ಬಂದವಳೇ ರಿಕ್ಷಾದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು, ಅಷ್ಟು ದಿನ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ ಹುಡುಗಿ. ಸ್ಟೇಷನ್ ಹತ್ತಿರ ಖುಷಿಗೆ ಒಂದು ವಡಾಪಾವ್ ತೆಗೆದುಕೊಂಡೆ. ಬಾಯಿಗೆ ಇಡುವಷ್ಟರಲ್ಲಿ ಇವತ್ತಿನ ಸಾವಿರದ ಎಂಟುನೂರು ನೆನಪಾಯಿತು, ಅವಳ ಕೈಗೆ ಕೊಟ್ಟೆ. ಅವಳು ಅಳುತ್ತಿದ್ದವಳು ನಗಲಿಕ್ಕೆ ಶುರು ಮಾಡಿದಳು. "ಆಪ್ ಕಾ ಕುಛ್ ನಹೀಂ ಹೋ ಸಕ್ತಾ ಪಪ್ಪಾ." ನಿಮ್ಮನ್ನು ಯಾರಿಂದಲೂ ರಿಪೇರಿ ಮಾಡಲಾಗದು ಎಂದು.

ಆದರೆ ಸಮಾಧಾನ ಅರ್ಧವೇ ಆಗಿತ್ತು. ರೋಗವಿಲ್ಲ, ಸರಿ. ಹಾಗಾದರೆ ನಾನು ಎಲ್ಲಿಗೆ ಹೋಗುತ್ತಿದ್ದೇನೆ? ತಿಂಗಳಿಗೆ ಎರಡು ಕಿಲೋ ನಾನು ಯಾರಿಗೆ ಕೊಡುತ್ತಿದ್ದೇನೆ? ಡಾಕ್ಟರು ಹೇಳಿದ್ದರು, ಊಟದಲ್ಲೇ ಏನೋ ತಪ್ಪಿದೆ, ಅಡುಗೆ ಮಾಡುವವರನ್ನು ಕರೆದುಕೊಂಡು ಡಯಟಿಶಿಯನ್ ಹತ್ತಿರ ಹೋಗಿ ಎಂದು. ಹೀಗೆ ವಾರಿಜಾ ಮೊದಲ ಸಲ ವರ್ತಕ ನಗರಕ್ಕೆ ಬಂದಳು, ಮದುವೆಮನೆಗೆ ಹೊರಟವಳ ಹಾಗೆ ಸೀರೆ ಉಟ್ಟುಕೊಂಡು, ಮುಖ ಮಾತ್ರ ಜಗಳಕ್ಕೆ ಹೊರಟವಳದ್ದು. ಅದೃಷ್ಟಕ್ಕೆ ಹಳೇ ಮೇಡಂ ಬಾಣಂತನ ಮುಗಿಸಿ ಬಂದಿದ್ದರು. ನನ್ನನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. "ಅಂಕಲ್! ಯೇ ಕ್ಯಾ ಹೋ ಗಯಾ?" ಇದೇನಾಗಿ ಹೋಯಿತು ಎಂದು.

ವಾರಿಜಾಳಿಗೆ ಎಣ್ಣೆ ಎಷ್ಟು, ಅಕ್ಕಿ ಎಷ್ಟು, ಕಾಯಿ ಎಷ್ಟು ಎಂದು ಕೇಳಿದರು. ವಾರಿಜಾ ತನ್ನ ಡೊಂಬಿವಲಿ ಬಾಜಾರಿನ ಹಿಂದಿಯಲ್ಲಿ ಎಲ್ಲವನ್ನೂ ಸರಿಯಾಗಿ ಹೇಳಿದಳು. ಎಲ್ಲ ಚಾರ್ಟಿನ ಪ್ರಕಾರವೇ ಇತ್ತು. ಮೇಡಂ ತಲೆ ಕೆರೆದುಕೊಂಡರು. ನಿದ್ದೆ? ಬರ್ತದೆ. ಬೇರೆ ಏನಾದರೂ ತೊಂದರೆ, ಕೈಕಾಲು ನೋವು?

"ಪಾಂವ್ ತೋ ರೋಜ್ ದುಖ್ತಾ ಹೈ," ಎಂದಳು ವಾರಿಜಾ. "ರೋಜ್ ಮೈಂ ತೇಲ್ ಲಗಾತೀ. ದಿನ್ ಭರ್ ಖಡಾ ರಹ್ತಾ ನಾ." ಕಾಲು ದಿನಾ ನೋಯುತ್ತದೆ, ನಾನು ದಿನಾ ಎಣ್ಣೆ ಹಚ್ಚುತ್ತೇನೆ, ಇಡೀ ದಿನ ನಿಂತೇ ಇರುತ್ತಾರಲ್ಲ, ಎಂದು.

"ಖಡೇ?" ಮೇಡಂ ಕಂಪ್ಯೂಟರಿನಿಂದ ತಲೆ ಎತ್ತಿದರು. "ಅಂಕಲ್ ತೋ ಗಲ್ಲೇ ಪೆ ಬೈಠ್ತೇ ಹೈಂ ನಾ?"

ವಾರಿಜಾ ನನ್ನ ಕಡೆ ನೋಡಿದಳು. ಮೇಡಂ ಕಡೆ ನೋಡಿದಳು. ಎಷ್ಟೋ ತಿಂಗಳಿನಿಂದ ಕಾಣದಿದ್ದ ನಗು ಅವಳ ಬಾಯಿಯ ಒಂದು ಮೂಲೆಯಲ್ಲಿ ಬಂತು.

"ಯೇ ಕಿಧರ್ ಬೈಠ್ತಾ ಮೇಡಂ? ಗಲ್ಲೇ ಕೀ ಕುರ್ಸೀ ಪೆ ತೋ ಪಾರ್ಸಲ್ ಕಾ ಡಬ್ಬಾ ಬೈಠ್ತಾ ಹೈ!"

ಇವರು ಕೂರುವುದೆಲ್ಲಿ, ಗಲ್ಲಾದ ಕುರ್ಚಿಯಲ್ಲಿ ಕೂರುವುದು ಪಾರ್ಸಲ್ ಡಬ್ಬಿ ಎಂದು. ಅದು ಹದಿನಾರಾಣೆ ಸತ್ಯ. ಗಲ್ಲಾದ ಹಿಂದೆ ಒಂದು ಕುರ್ಚಿ ಉಂಟು. ಅದರ ಮೇಲೆ ಪಾರ್ಸಲ್ ಡಬ್ಬಿಗಳ ಕಟ್ಟು, ಅದರ ಮೇಲೆ ಕಾಗದದ ಚೀಲಗಳ ಕಟ್ಟು. ನಾನು ಅದರಲ್ಲಿ ಕೂತದ್ದು ನನಗೇ ನೆನಪಿಲ್ಲ. ನನ್ನನ್ನು ಗಲ್ಲಾಕ್ಕೆ ಹಾಕಿದ ಮೊದಲ ಧಣಿಗಳು ಹೇಳಿಕೊಟ್ಟದ್ದೇ ಹಾಗೆ, ಗಿರಾಕಿ ಜಾಗ ಸಿಗದೆ ನಿಂತಿರುವಾಗ ಗಲ್ಲಾದವ ಕೂರಬಾರದು. ನಮ್ಮ ಹೋಟೆಲಿನಲ್ಲಿ ಜಾಗ ಸಿಗದೆ ನಿಂತ ಗಿರಾಕಿ ಇಲ್ಲದ ಹೊತ್ತು ಯಾವುದು? ಬೆಳಿಗ್ಗೆ ಮಾರ್ಕೆಟ್ಟಿನಿಂದ ತರಕಾರಿ ಚೀಲ ಹೊತ್ತು ತರುವುದು, ಹಾಲಿನ ಕ್ರೇಟ್ ಇಳಿಸುವುದು, ಅಟ್ಟದಿಂದ ಅಕ್ಕಿ ಇಳಿಸುವುದು, ಯಾರದೋ ದೋಸೆ ತಡವಾದರೆ ಅಡುಗೆಮನೆಗೆ ಓಡುವುದು, ಮೇಲಿನ ಆಫೀಸಿಗೆ ಚಹಾ ಹೋಗದಿದ್ದರೆ ನಾನೇ ಮೆಟ್ಟಿಲು ಹತ್ತುವುದು. ಹೋಗುವಾಗ ಬರುವಾಗ ಟ್ರೇನಿನಲ್ಲೂ ನಿಂತೇ. ಇದೆಲ್ಲ ಮಾಡುತ್ತಾ ನಾನು ಇಪ್ಪತ್ತೈದು ವರ್ಷದಿಂದ ಗಲ್ಲಾದಲ್ಲಿ 'ಕೂತಿದ್ದೇನೆ'. ನಾನು ಸುಳ್ಳು ಹೇಳಿದ್ದಲ್ಲ ಸ್ವಾಮೀ. ನಮ್ಮಲ್ಲಿ ಅದಕ್ಕೆ ಹೇಳುವುದೇ ಹಾಗೆ.

ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೋ ಎಂದುಕೊಂಡೆ, ಭುಜ ಕುಲುಕುತ್ತಿತ್ತು. ನಗುತ್ತಿದ್ದರು. ನಗುತ್ತಲೇ ಸಾರಿ ಅಂಕಲ್, ಸಾರಿ, ನಾನು ಸರಿಯಾಗಿ ಕೇಳಬೇಕಿತ್ತು ಎನ್ನುತ್ತಿದ್ದರು. ಇಡೀ ದಿನ ಕುರ್ಚಿಯಲ್ಲಿ ಕೂರುವ ಮನುಷ್ಯನ ಊಟವನ್ನು ಅವರು ನನಗೆ ಬರೆದುಕೊಟ್ಟಿದ್ದರು, ನಾನು ಅದನ್ನು ತಿಂದು ಹಮಾಲಿ ಮಾಡುತ್ತಿದ್ದೆ. ಸಿನ್ಸಿಯರ್ ಪೇಶಂಟಿನ ಗುಟ್ಟೂ ಅದೇ. ಬೇರೆಯವರು ಕದ್ದು ತಿನ್ನುತ್ತಿದ್ದರು ಎಂದಲ್ಲ, ಪಾಪ, ಅವರು ನಿಜವಾಗಿಯೂ ಕೂತಿದ್ದರು.

ಹೊಸ ಲೆಕ್ಕ ಹಾಕಿದರು. ಎರಡು ಸಾವಿರದ ಮುನ್ನೂರಕ್ಕೂ ಮೇಲೆ ಬಂತು. ಇದು ಅಂದಾಜು ಮಾತ್ರ, ಎಂದು ಈ ಸಲ ಮೇಡಂ ಒತ್ತಿ ಹೇಳಿದರು. ಮೊದಲು ಎಪ್ಪತ್ತರ ಹತ್ತಿರ ಬರೋಣ, ಬಂದ ಮೇಲೆ ತೂಕ ನಿಲ್ಲುತ್ತದಾ ನೋಡೋಣ, ನಿಲ್ಲದಿದ್ದರೆ ನನ್ನ ಲೆಕ್ಕ ತಪ್ಪು, ನಿಮ್ಮ ಮೈ ಅಲ್ಲ, ಎಂದರು. ಆ ಕೊನೆಯ ಮಾತನ್ನು ಯಾರಾದರೂ ನನಗೆ ಮೂರು ತಿಂಗಳ ಮೊದಲು ಹೇಳಬಾರದಿತ್ತೇ ಎನಿಸಿತು. ಓದುತ್ತಿರುವ ನಿಮಗೆ ನಾನು ಹೇಳುತ್ತಿದ್ದೇನೆ. ಅಂಕಿ ಕೊಟ್ಟದ್ದು ಕಂಪ್ಯೂಟರು, ಅದನ್ನು ದೇವರ ಮಾತು ಮಾಡಿಕೊಳ್ಳಬೇಡಿ. ಸುಮ್ಮಸುಮ್ಮನೆ ತೂಕ ಇಳಿದರೆ ಹೆದರಿ ಮನೆಯಲ್ಲಿ ಅಡಗಬೇಡಿ, ಡಾಕ್ಟರಿಗೆ ತೋರಿಸಿ, ನಾನು ತೋರಿಸಿದ್ದಕ್ಕೇ ಇವತ್ತು ನಿಶ್ಚಿಂತೆಯಿಂದ ನಗುತ್ತಿರುವುದು. ಮತ್ತೆ ಕೆಲಸ ಏನೆಂದು ಯಾರಾದರೂ ಕೇಳಿದರೆ ಹುದ್ದೆ ಹೇಳಬೇಡಿ. ಕಾಲು ಇಡೀ ದಿನ ಏನು ಮಾಡುತ್ತದೆ, ಅದನ್ನು ಹೇಳಿ.

ಹೊರಗೆ ಬಂದು ಮೆಟ್ಟಿಲಿನ ಮೇಲೆ ವಾರಿಜಾ ನಿಂತುಬಿಟ್ಟಳು. "ನನ್ನ ಅಪ್ಪ ಇರಬೇಕಿತ್ತು," ಎಂದಳು. "ಗಲ್ಲಾದಲ್ಲಿ ಕೂರ್ತಾನೆ ಅಂತ ಹೇಳಿ ಮದುವೆ ಮಾಡಿಸಿದ್ರಲ್ಲ, ಕೇಳ್ತಿದ್ದೆ," ಎಂದು ಜೋರಾಗಿ ನಕ್ಕಳು, ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ತಡೆಯಲಿಲ್ಲ. ರಸ್ತೆಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು ಇಬ್ಬರೂ ಅಲ್ಲೇ ಅತ್ತೆವು.

ತಿನ್ನುವುದೂ ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ಮೊದಲ ಸಲ ಎರಡನೇ ಸೌಟು ಅನ್ನ ಬಟ್ಟಲಿಗೆ ಬಿದ್ದಾಗ ಕೈ ತಾನಾಗಿ ಹಿಂದೆ ಸರಿಯಿತು. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಹಾಕಿಸಿಕೊಂಡು, ಅಟ್ಟದ ಮೆಟ್ಟಿಲಿನ ಹಿಂದೆ ನಿಂತು ಕಳ್ಳನ ಹಾಗೆ ತಿಂದೆ. ತೂಕ ನಿಧಾನವಾಗಿ ಏರಿತು, ಏರುವಾಗ ಇನ್ನೊಂದು ಭಯ: ಇದು ಇನ್ನು ನಿಲ್ಲದಿದ್ದರೆ? ಎಪ್ಪತ್ತೊಂದಕ್ಕೆ ಬಂದಾಗ ಮೇಡಂ, ಇನ್ನು ಹೀಗೇ ತಿನ್ನಿ, ಮುಂದಿನ ತಿಂಗಳು ನೋಡೋಣ ಎಂದರು. ಆ ತಿಂಗಳು ಪುಟ್ಟ ಪಾತ್ರೆ ಇನ್ನೂ ಒಲೆಯ ಮೇಲೇ ಇತ್ತು, ಈಗ ಅದರಲ್ಲಿ ಅಂಚಿನವರೆಗೆ ಅನ್ನ. ವಾರಿಜಾ ಅದನ್ನು ಎತ್ತಿಡಲು ಒಪ್ಪಿರಲಿಲ್ಲ. ನಂಬಿಕೆ ಬರಲಿ, ಆಮೇಲೆ ಎಂದಿದ್ದಳು.

ಮುಂದಿನ ತಿಂಗಳು ತೂಕದ ಮಿಶಿನ್ ಹತ್ತಿದೆ. ಕಣ್ಣು ಮುಚ್ಚಿಕೊಂಡಿದ್ದೆ. ಮೇಡಂ ಓದಿ ಹೇಳಿದರು. ಇಳಿದು, ಮತ್ತೊಮ್ಮೆ ಹತ್ತಿ, ನಾನೇ ಓದಿದೆ. ಹೊರಗೆ ಬಂದು ಅದೇ ಮೆಟ್ಟಿಲಿನ ಮೇಲಿಂದ ಮನೆಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು, ಕೈಯಲ್ಲೇ ಹಿಡಿದು ಕೂತಿದ್ದಳೋ ಏನೋ.

"ಎಷ್ಟು?"

"ಅಷ್ಟೇ."

"ಅಷ್ಟೇ ಅಂದ್ರೆ?"

"ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಮಾರಾಯ್ತಿ. ಏರಲೂ ಇಲ್ಲ, ಇಳಿಯಲೂ ಇಲ್ಲ."

ಆ ಕಡೆಯಿಂದ ಪಾತ್ರೆಗಳ ಸದ್ದು ಕೇಳಿತು, ಒಂದನ್ನು ಎತ್ತಿ ಮೇಲಿನ ಶೆಲ್ಫಿಗೆ ಸರಿಸಿದ ಸದ್ದು, ನಲ್ಲಿಯ ನೀರು.

"ಬೇಗ ಬನ್ನಿ," ಎಂದಳು ವಾರಿಜಾ. "ಇವತ್ತು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅನ್ನ ಇಡ್ತಾ ಇದ್ದೇನೆ."